ಓಲೆಯ ಪಾಲಕರು, ಓಲೆಯ ಓದುಗರು

ವಿಶ್ವವಿದ್ಯಾನಿಲಯದ ಆಶ್ರಯದಲ್ಲಿ ಪ್ರಾಚೀನ ಧರ್ಮಗ್ರಂಥಗಳನ್ನು ಕಾಪಾಡುವ ಸಂಸ್ಥೆಯ ಯೋಗ್ಯತೆಯನ್ನು ಯಾವುದರಿಂದ ಅಳೆಯಬೇಕು? ಸಂಗ್ರಹದಲ್ಲಿರುವ ಕಟ್ಟುಗಳ ಎಣಿಕೆಯಿಂದಲೋ, ಅವುಗಳನ್ನು ಓದಬಲ್ಲವರ ಎಣಿಕೆಯಿಂದಲೋ? ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯವನ್ನು ಈ ಪ್ರಶ್ನೆಯೊಡನೆ ನೋಡುವುದು ದೇವಶಾಸ್ತ್ರದ ಅಭ್ಯಾಸಿಗಳಾದ ನಮಗೂ ಪ್ರಯೋಜನಕರವೆಂದು ಭಾವಿಸುತ್ತೇವೆ.

ಹತ್ತನೆಯ ಚಾಮರಾಜೇಂದ್ರ ಒಡೆಯರ ಕಾಲದಲ್ಲಿ, 1891ರಲ್ಲಿ, ಓರಿಯಂಟಲ್ ಲೈಬ್ರರಿಯೆಂಬ ಹೆಸರಿನಿಂದ ಆರಂಭವಾದ ಈ ಸಂಸ್ಥೆಯು 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸೇರಿತು. ವೇದ, ಆಗಮ, ಪುರಾಣ, ವೇದಾಂತಗಳ ತಾಳೆಗರಿಗಳು ಇಲ್ಲಿ ಸಹಸ್ರಾರು ಸಂಖ್ಯೆಯಲ್ಲಿವೆ. ಆದರೂ ಇದರ ಕೀರ್ತಿಯನ್ನು ಲೋಕಕ್ಕೆ ಹರಡಿದ್ದು ಒಂದೇ ಕಟ್ಟು. ಅದು ಧರ್ಮಗ್ರಂಥವೂ ಅಲ್ಲ, ಕೌಟಿಲ್ಯನ ಅರ್ಥಶಾಸ್ತ್ರ. ತಂಜಾವೂರು ಸೀಮೆಯ ಪಂಡಿತರೊಬ್ಬರು ಒಪ್ಪಿಸಿದ ಗ್ರಂಥಲಿಪಿಯ ಆ ಓಲೆಗಳನ್ನು ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿದರು. 1909ರಲ್ಲಿ ಮೂಲವನ್ನೂ 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿದರು. ಓಲೆ ಉಳಿದದ್ದು ಕಪಾಟಿನಿಂದ. ಗ್ರಂಥ ಉಳಿದದ್ದು ಆ ಲಿಪಿಯನ್ನು ಬಲ್ಲ ಒಬ್ಬ ಓದುಗನಿಂದ.

ಎರಡನೆಯ ಅರಸುಗಳ ಗ್ರಂಥದ 22ನೆಯ ಅಧ್ಯಾಯವು ಇದೇ ಸತ್ಯವನ್ನು ನಮ್ಮ ಮುಂದಿಡುತ್ತದೆ. ಯೋಷೀಯನ ಕಾಲದಲ್ಲಿ ಧರ್ಮಶಾಸ್ತ್ರವು ದೇವಾಲಯದಲ್ಲಿಯೇ ಇತ್ತು. ಆದರೆ ಇದ್ದುದು ಯಾರಿಗೂ ತಿಳಿದಿರಲಿಲ್ಲ. ಹಿಲ್ಕೀಯನು ಅದನ್ನು ಕಂಡುಕೊಂಡನು, ಶಾಫಾನನು ಅರಸನ ಮುಂದೆ ಓದಿದನು, ಪ್ರವಾದಿನಿ ಹುಲ್ದಳು ಅದರ ಅರ್ಥವನ್ನು ನುಡಿದಳು. ಪಾಲಕ, ಓದುಗ, ವ್ಯಾಖ್ಯಾನಿ ಎಂಬ ಮೂವರಲ್ಲಿ ಮೊದಲಿಬ್ಬರ ಪೈಕಿ ಒಬ್ಬರಿಲ್ಲದಿದ್ದರೂ ಅರಸನು ಬಟ್ಟೆ ಹರಿದುಕೊಳ್ಳುವ ಪ್ರಸಂಗವೇ ಬರುತ್ತಿರಲಿಲ್ಲ.

ಇಂದಿನ ಸಂರಕ್ಷಣಾ ಚಿಂತನೆಯು ಮೊದಲನೆಯವನಲ್ಲಿಯೇ ನಿಂತುಬಿಡುತ್ತಿದೆ ಎಂಬುದು ನಮ್ಮ ಆಕ್ಷೇಪ. ಹೆಬ್ಬಗೋಡಿ, ಎಲೆಕ್ಟ್ರಾನಿಕ್ ಸಿಟಿಗಳ ಪರಿಸರದಲ್ಲಿ ಬಾಳುವ ಸಭೆಗಳಿಗೆ ಸ್ಕ್ಯಾನ್ ಮಾಡಿದ ಪ್ರತಿಯೇ ಶಾಶ್ವತವೆಂದು ತೋರುವುದು ಸಹಜ. ಹುಳು ತಿನ್ನುವ ಓಲೆಗೆ ಛಾಯಾಪ್ರತಿ ಅವಶ್ಯವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ನಂದಿನಾಗರಿಯನ್ನೋ ತಿಗಳಾರಿಯನ್ನೋ ಓದಬಲ್ಲವರು ಇಲ್ಲವಾದರೆ ಆ ಚಿತ್ರವೂ ಮೂಕವೇ. ಲಿಪಿಜ್ಞರನ್ನು ತಯಾರಿಸುವುದಕ್ಕೆ ಯಂತ್ರ ಕೊಳ್ಳುವಷ್ಟೇ ಮಹತ್ವವನ್ನು ವಿಶ್ವವಿದ್ಯಾನಿಲಯಗಳು ಕೊಡಬೇಕು.

ಈ ವಿಮರ್ಶೆಯಿಂದ ನಮ್ಮ ಸೆಮಿನರಿಗಳೂ ಹೊರತಲ್ಲ. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳನ್ನು ಕಲ್ಲಚ್ಚಿನಲ್ಲಿ ಹೊರತಂದರು. ಆ ಕಾರ್ಯದ ಹಿಂದೆ ಮತಪ್ರಚಾರದ ದೃಷ್ಟಿ ಇರಲೇ ಇಲ್ಲವೆನ್ನಲಾಗದು; ಆದರೆ ಅನ್ಯರ ಗ್ರಂಥವನ್ನು ಓದದೆ ಅದರ ಕುರಿತು ಮಾತನಾಡಬಾರದೆಂಬ ಶಿಸ್ತು ಅದರಲ್ಲಿತ್ತು. ಇಂದು ಗ್ರೀಕ್, ಹೀಬ್ರೂಗಳನ್ನು ಕಲಿತು ದೀಕ್ಷೆ ಪಡೆಯುವ ಪಾಲಕನು ಹಳಗನ್ನಡದ ಒಂದು ಪುಟದ ಮುಂದೆ ತಬ್ಬಿಬ್ಬಾಗುತ್ತಾನೆ. 1831ರಲ್ಲಿ ಪೂರ್ಣಗೊಂಡ ಬಳ್ಳಾರಿಯ ಕನ್ನಡ ಬೈಬಲಿನ ಭಾಷೆಯೂ ಅವನಿಗೆ ಅಪರಿಚಿತವೇ.

ಆದ್ದರಿಂದ ನಮ್ಮ ಸೂಚನೆ ಇಷ್ಟು: ಹಳಗನ್ನಡ ಮತ್ತು ಹಸ್ತಪ್ರತಿಶಾಸ್ತ್ರಗಳ ಒಂದು ಪತ್ರಿಕೆಯನ್ನು ದೇವಶಾಸ್ತ್ರದ ಪಠ್ಯಕ್ರಮದಲ್ಲಿ ಸೇರಿಸಬೇಕು, ಅದನ್ನು ಕಲಿಸಲು ಮೈಸೂರಿನ ವಿದ್ವಾಂಸರನ್ನು ಆಹ್ವಾನಿಸಬೇಕು, ಮಂಗಳೂರು ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ದಾಖಲೆಗಳ ನಡುವೆ ವಿದ್ಯಾರ್ಥಿಗಳನ್ನು ಕೆಲವು ವಾರಗಳಾದರೂ ಕೂರಿಸಬೇಕು. ಹಿಲ್ಕೀಯರು ನಮ್ಮಲ್ಲಿದ್ದಾರೆ, ಶಾಫಾನರನ್ನು ಸಿದ್ಧಪಡಿಸುವ ಹೊಣೆ ಸೆಮಿನರಿಗಳದು.