ಬೀಗ ಹಾಕದೆ ಮುಚ್ಚುವ ಆಸ್ಪತ್ರೆಗಳು

ನಮ್ಮಲ್ಲಿ ಸರ್ಕಾರಿ ಆಸ್ಪತ್ರೆಗೆ ಬೀಗ ಬೀಳುವುದು ಅಪರೂಪ. ಮೊದಲು ವೈದ್ಯರ ವರ್ಗಾವಣೆಯಾಗುತ್ತದೆ, ಹುದ್ದೆ ಖಾಲಿ ಉಳಿಯುತ್ತದೆ, ರೋಗಿಗಳು ಬೇರೆ ದಾರಿ ಹಿಡಿಯುತ್ತಾರೆ. ಕೊನೆಗೆ ‘ಇಲ್ಲಿಗೆ ಯಾರೂ ಬರುವುದಿಲ್ಲ’ ಎಂಬ ಷರಾ ಕಡತ ಸೇರುತ್ತದೆ. ಆರೋಗ್ಯ ಇಲಾಖೆ 2025ರಲ್ಲಿ ಕೈಗೊಂಡ ತಜ್ಞರ ಮರುಹಂಚಿಕೆಯನ್ನು ಈ ಅನುಭವದ ಬೆಳಕಿನಲ್ಲಿ ನೋಡಬೇಕು. ತಿಂಗಳಿಗೆ 30ಕ್ಕಿಂತ ಕಡಿಮೆ ಹೆರಿಗೆಯಾಗುವ ಸಮುದಾಯ ಆರೋಗ್ಯ ಕೇಂದ್ರಗಳ ತಜ್ಞರನ್ನು ತಾಲ್ಲೂಕು ಆಸ್ಪತ್ರೆಗಳಿಗೆ ಕಳಿಸುವುದು ಅದರ ತಿರುಳು.

ಇದರ ಹಿಂದಿನ ಕಳಕಳಿ ಸುಳ್ಳಲ್ಲ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ಸಾಲಾಗಿ ಸತ್ತಾಗ ನಾಡೇ ಬೆಚ್ಚಿತು. ಆ ವರ್ಷದ ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ ರಾಜ್ಯದಲ್ಲಿ ಸತ್ತ 464 ತಾಯಂದಿರ ಪೈಕಿ ಶೇ 70ಕ್ಕೂ ಹೆಚ್ಚು ಮಂದಿಯನ್ನು ಉಳಿಸಬಹುದಿತ್ತು ಎಂದು ಸರ್ಕಾರದ ಪರಿಶೀಲನಾ ವರದಿಯೇ ಹೇಳಿತು. ಹೆರಿಗೆ ತಜ್ಞೆಯೊಬ್ಬರೇ ಇದ್ದು, ಅರಿವಳಿಕೆ ತಜ್ಞರೂ ಮಕ್ಕಳ ತಜ್ಞರೂ ಇಲ್ಲದಿದ್ದರೆ ನಡುರಾತ್ರಿ ಸಿಸೇರಿಯನ್ ಮಾಡುವುದು ಹೇಗೆ? ಮೂವರೂ ಒಂದೇ ಸೂರಿನಡಿ, ಹಗಲೂ ರಾತ್ರಿ ಸಿಗಬೇಕು. ಅಷ್ಟರಮಟ್ಟಿಗೆ ಈ ಕ್ರಮ ಸರಿ.

ತಪ್ಪಿರುವುದು ಅಳತೆಗೋಲಿನಲ್ಲಿ. 80 ಸಾವಿರದಿಂದ 1.20 ಲಕ್ಷ ಜನರಿಗೆ ಒಂದರಂತೆ, 30 ಹಾಸಿಗೆಯ ಸಮುದಾಯ ಆರೋಗ್ಯ ಕೇಂದ್ರ ಇರಬೇಕೆನ್ನುವುದು ರಾಷ್ಟ್ರೀಯ ಮಾನದಂಡ. ಇಷ್ಟು ಜನರ ನಡುವೆ ತಿಂಗಳಿಗೆ 30 ಹೆರಿಗೆಯೂ ಆಗದಿದ್ದರೆ ಮೊದಲು ಕಾರಣ ಹುಡುಕಬೇಕು. ಅರಿವಳಿಕೆ ತಜ್ಞರಿಲ್ಲವೆಂದು ಗರ್ಭಿಣಿಯರನ್ನು ರೆಫರ್ ಮಾಡುತ್ತಾ ಬಂದರೆ ಹೆರಿಗೆಯ ಸಂಖ್ಯೆ ಕುಸಿಯದೆ ಇನ್ನೇನಾದೀತು? ಇಲಾಖೆಯ ಕೊರತೆಗೆ ಊರಿಗೆ ದಂಡ ಹಾಕಿದಂತಾಯಿತು. ಹೊಸ ತಜ್ಞರಿಗೆ ಸಂಬಳ ಕೊಡುವ ಬದಲು ಇದ್ದವರನ್ನೇ ಅತ್ತಿತ್ತ ಕೂರಿಸಿ ಉಳಿಸಿದ ಹಣವನ್ನು ಕೊನೆಗೆ ಬಾಡಿಗೆ ವಾಹನ, ಖಾಸಗಿ ನರ್ಸಿಂಗ್ ಹೋಂ, ಸಾಲದ ರೂಪದಲ್ಲಿ ತೆರುವವರು ಬಡವರು.

ರಾಮನಗರ ಸೀಮೆಯ ತಾಲ್ಲೂಕುಗಳಲ್ಲೇ ಇದನ್ನು ಪರೀಕ್ಷಿಸಬಹುದು. ರಾಮನಗರಕ್ಕೂ ಚನ್ನಪಟ್ಟಣಕ್ಕೂ ಹನ್ನೆರಡು ಕಿ.ಮೀ. ಅಂತರ, ಹೆದ್ದಾರಿಯಿದೆ, ರೈಲಿದೆ. ಅಲ್ಲಿ ಒಂದು ಆಸ್ಪತ್ರೆಯ ಕೆಲಸವನ್ನು ಇನ್ನೊಂದು ಹಂಚಿಕೊಳ್ಳಬಹುದು. ಕನಕಪುರಕ್ಕೂ ಮಾಗಡಿಗೂ ರೈಲಿಲ್ಲ. ಕನಕಪುರ ತಾಲ್ಲೂಕಿನ ಕೋಡಿಹಳ್ಳಿಯಾಚೆ, ಸಂಗಮದ ಕಾಡಂಚಿನಲ್ಲಿ ಆನೆ ಓಡಾಡುವ ಹೊತ್ತಿನಲ್ಲಿ ನೋವು ಕಾಣಿಸಿಕೊಂಡ ಹೆಣ್ಣುಮಗಳಿಗೆ, ಜೊತೆಗಿರುವ ಆಶಾ ಕಾರ್ಯಕರ್ತೆಗೆ ದೂರವನ್ನು ಕಿಲೋಮೀಟರಿನಲ್ಲಿ ಅಳೆದರೆ ಸಾಲದು. 108 ಆಂಬುಲೆನ್ಸ್ ಬರುವುದಕ್ಕೆಷ್ಟು, ತಲುಪುವುದಕ್ಕೆಷ್ಟು ಎಂಬ ಗಂಟೆಯ ಲೆಕ್ಕ ಬೇಕು. ಚನ್ನಪಟ್ಟಣಕ್ಕೂ ಕೋಡಿಹಳ್ಳಿಗೂ ಒಂದೇ 30 ಎನ್ನುವುದು ಸಮಾನತೆಯಲ್ಲ.

ಇಲ್ಲಿನ ರಾಜಕಾರಣವೂ ಈ ಸೂಕ್ಷ್ಮವನ್ನು ಕೈಬಿಟ್ಟಿದೆ. ಕನಕಪುರಕ್ಕೆಂದಿದ್ದ ವೈದ್ಯಕೀಯ ಕಾಲೇಜು 2019ರಲ್ಲಿ ಚಿಕ್ಕಬಳ್ಳಾಪುರದ ಪಾಲಾದಾಗ ಕನಕಪುರ ಸಿಡಿದೆದ್ದಿತು. ರಾಮನಗರಕ್ಕೆಂದಿದ್ದ ಕಾಲೇಜು ಕನಕಪುರಕ್ಕೆ ಹೋಗುತ್ತದೆಂದಾಗ, 2023ರ ಸೆಪ್ಟೆಂಬರಿನಲ್ಲಿ, ರಾಮನಗರ ಬಂದ್ ಆಯಿತು. ದೊಡ್ಡ ಕಟ್ಟಡಕ್ಕಾಗಿ ನಡೆದ ಈ ಹೋರಾಟಗಳ ಕಾಲುಭಾಗದ ಕಾವು ಹೋಬಳಿಯ ಖಾಲಿ ಹುದ್ದೆಗೂ ತಟ್ಟಬೇಕಿತ್ತು.

ಬಳಕೆಯ ಅಂಕಿ ನೋಡಿ ಆಸ್ಪತ್ರೆಯ ಹಣೆಬರಹ ಬರೆಯುವ ಅಪಾಯವನ್ನು ಜಪಾನ್ ಕಂಡಿದೆ. 2019ರ ಸೆಪ್ಟೆಂಬರಿನಲ್ಲಿ ಅಲ್ಲಿನ ಆರೋಗ್ಯ ಸಚಿವಾಲಯ ವಿಲೀನವೋ ಮರುರಚನೆಯೋ ಆಗಬೇಕಾದ 424 ಸಾರ್ವಜನಿಕ ಆಸ್ಪತ್ರೆಗಳನ್ನು ಹೆಸರಿಸಿತು. ಕೆಲವೇ ತಿಂಗಳಲ್ಲಿ ಕೋವಿಡ್ ಬಂತು. ಬೇಡವೆಂದಿದ್ದ ಹಾಸಿಗೆಗಳ ಬೆಲೆ ಆಗ ತಿಳಿಯಿತು.

ಆದ್ದರಿಂದ ಈ ಮರುಹಂಚಿಕೆ ಅರ್ಧ ಚಿಕಿತ್ಸೆ ಮಾತ್ರ. ತಾಲ್ಲೂಕು ಆಸ್ಪತ್ರೆ ಬಲಗೊಳ್ಳಲಿ, ಆದರೆ ಹೊಸ ನೇಮಕಾತಿಯಿಂದ. ಒಬ್ಬ ತಜ್ಞೆಯನ್ನು ಎತ್ತುವ ಮುನ್ನ ಆ ಊರಿನಿಂದ ಮುಂದಿನ ಹೆರಿಗೆ ಕೋಣೆಗೆ ರಾತ್ರಿಯಲ್ಲಿ ಎಷ್ಟು ಹೊತ್ತಿನ ಹಾದಿ ಎಂಬುದನ್ನು ಇಲಾಖೆ ಬಹಿರಂಗವಾಗಿ ಹೇಳಲಿ, ಗ್ರಾಮಸಭೆಯ ಮಾತು ಕೇಳಲಿ. ಆ ಉತ್ತರ ಸಿಗುವವರೆಗೆ ರಾಮನಗರ ಸೀಮೆಯ ಶಾಸಕರು ಪಕ್ಷ ಮರೆತು ಈ ವರ್ಗಾವಣೆಗಳನ್ನು ತಡೆಹಿಡಿಸಬೇಕು.