ಸರದಿಯಿಲ್ಲದ ಕಾಯುವಿಕೆ

ಮನೋವೈದ್ಯಶಾಸ್ತ್ರವು ಆಹಾರ ಸೇವನೆಯ ಅಸ್ವಸ್ಥತೆ ಎಂದು ಕರೆಯುವ ಕಾಯಿಲೆಗಳಲ್ಲಿ ಮುಖ್ಯವಾದವು ಮೂರು: ತೂಕ ಅಪಾಯದ ಮಟ್ಟಕ್ಕೆ ಇಳಿದರೂ ಊಟವನ್ನು ಕಡಿಮೆ ಮಾಡುತ್ತಲೇ ಹೋಗುವ ಅನೊರೆಕ್ಸಿಯಾ, ಹತೋಟಿ ತಪ್ಪಿ ತಿಂದು ಆಮೇಲೆ ವಾಂತಿ, ಭೇದಿಮಾತ್ರೆ ಅಥವಾ ಉಪವಾಸದಿಂದ ಅದನ್ನು ಸರಿದೂಗಿಸಲು ಹೆಣಗುವ ಬುಲಿಮಿಯಾ, ಮತ್ತು ಅಂಥ ಸರಿದೂಗಿಸುವಿಕೆಯಿಲ್ಲದೆ ಹತೋಟಿ ಮೀರಿ ತಿನ್ನುವ ಬಿಂಜ್ ಈಟಿಂಗ್. ಇವುಗಳ ಚಿಕಿತ್ಸೆಗೆ ಹೆಸರು ಬರೆಸಿ ಕಾಯುವವರಿಗೆ ಆಸರೆಯಾಗಬಲ್ಲ ಮೊಬೈಲ್ ಆ್ಯಪ್‌ಗಳು ಪಶ್ಚಿಮದ ದೇಶಗಳಲ್ಲಿ ಬಳಕೆಗೆ ಬಂದಿವೆ, ಹೈದರಾಬಾದಿನ ವಿದ್ಯಾರ್ಥಿನಿಯೂ ಅವುಗಳಲ್ಲಿ ಹಲವನ್ನು ತನ್ನ ಫೋನಿಗೆ ಇಳಿಸಿಕೊಳ್ಳಬಲ್ಲಳು. ಆದರೆ ಅವು ಊಹಿಸಿಕೊಂಡಿರುವ ಕಾಯುವಿಕೆ ಈ ನಗರದಲ್ಲಿ ಇಲ್ಲ. ಇಲ್ಲಿರುವ ಕಾಯುವಿಕೆ ಬೇರೆ ಬಗೆಯದು, ಹೆಚ್ಚು ಕಠಿಣವಾದದ್ದು.

ಈ ಆ್ಯಪ್‌ಗಳ ಮೂಲ ವಿಧಾನಕ್ಕೆ ಸಲ್ಲಬೇಕಾದ ಮನ್ನಣೆ ಸಲ್ಲಲೇಬೇಕು. ರಿಕವರಿ ರೆಕಾರ್ಡ್‌ನಂಥ ಆ್ಯಪ್‌ಗಳು ಆಕ್ಸ್‌ಫರ್ಡಿನ ಕ್ರಿಸ್ಟೋಫರ್ ಫೇರ್‌ಬರ್ನ್ ಮುಂತಾದವರು ರೂಪಿಸಿದ ಅರಿವು-ವರ್ತನೆ ಚಿಕಿತ್ಸೆಯ ಒಂದು ಅಂಗವನ್ನು, ಎಂದರೆ ತಿಂದದ್ದನ್ನು ತಿಂದ ಹೊತ್ತಿನಲ್ಲೇ, ಆಗಿನ ಮನಸ್ಥಿತಿಯೊಡನೆ ಬರೆದಿಡುವ ಸ್ವಯಂ-ದಾಖಲೆಯನ್ನು, ಕಾಗದದಿಂದ ಫೋನಿಗೆ ತಂದಿವೆ. ಕಾಗದದ ಹಾಳೆಯನ್ನು ಹಾಸ್ಟೆಲಿನ ಮೆಸ್ಸಿನಲ್ಲಿ ಬಿಚ್ಚಿಡಲು ನಾಚುವವರು ಫೋನನ್ನು ಸಂಕೋಚವಿಲ್ಲದೆ ತೆರೆಯಬಲ್ಲರು, ಇದು ಸಣ್ಣ ಅನುಕೂಲವಲ್ಲ. ಆದರೂ ಚಿಕಿತ್ಸೆಯ ಮಾನದಂಡಗಳನ್ನು ಸೂಚಿಸುವ ಬ್ರಿಟನ್ನಿನ ನೈಸ್ ಸಂಸ್ಥೆಯ 2017ರ ಮಾರ್ಗಸೂಚಿ ಬುಲಿಮಿಯಾ ಮತ್ತು ಬಿಂಜ್ ಈಟಿಂಗ್ ಇರುವ ವಯಸ್ಕರಿಗೆ ಸ್ವಸಹಾಯವನ್ನು ಸೂಚಿಸುವಾಗ, ಅದರ ಜೊತೆಗೆ ಇಪ್ಪತ್ತು ನಿಮಿಷಗಳ ನಾಲ್ಕರಿಂದ ಒಂಬತ್ತು ಬೆಂಬಲದ ಭೇಟಿಗಳನ್ನೂ ಸೇರಿಸಿದೆ, ಅನೊರೆಕ್ಸಿಯಾಕ್ಕಂತೂ ಈ ದಾರಿಯನ್ನು ಸೂಚಿಸಿಯೇ ಇಲ್ಲ. ಆಸ್ಟ್ರೇಲಿಯಾದ ಸಂಶೋಧಕರು 2020ರಲ್ಲಿ ಪ್ರಕಟಿಸಿದ, 392 ಮಂದಿಯ ಮೇಲೆ ನಡೆದ ನಾಲ್ಕು ವಾರಗಳ ಪ್ರಯೋಗದಲ್ಲಿ ಬ್ರೇಕ್ ಬಿಂಜ್ ಈಟಿಂಗ್ ಎಂಬ ಆ್ಯಪ್ ಲಕ್ಷಣಗಳನ್ನು ತಗ್ಗಿಸಿತು ನಿಜ. ಆದರೆ ಅಲ್ಲಿ ಹೋಲಿಕೆ ನಡೆದದ್ದು ಸುಮ್ಮನೆ ಕಾಯುತ್ತಿದ್ದ ಗುಂಪಿನೊಡನೆಯೇ ಹೊರತು ಚಿಕಿತ್ಸಕರ ಭೇಟಿಯೊಡನೆ ಅಲ್ಲ. ಏನೂ ಇಲ್ಲದಿರುವುದಕ್ಕಿಂತ ಆ್ಯಪ್ ಮೇಲು ಎಂಬಷ್ಟನ್ನೇ ಅದರಿಂದ ಹೇಳಬಹುದು.

ಇಂಗ್ಲೆಂಡಿನಲ್ಲಿ ಮಕ್ಕಳಿಗೂ ಹದಿಹರೆಯದವರಿಗೂ ತುರ್ತಿದ್ದರೆ ಒಂದು ವಾರದೊಳಗೆ, ಇಲ್ಲವಾದರೆ ನಾಲ್ಕು ವಾರದೊಳಗೆ ಚಿಕಿತ್ಸೆ ಆರಂಭವಾಗಬೇಕೆಂಬ ಗುರಿಯಿದೆ. ಗುರಿ ತಪ್ಪಿದರೂ ಸರದಿಯೊಂದಿದೆ, ಅದರ ಕೊನೆಗೆ ಒಬ್ಬ ಚಿಕಿತ್ಸಕರಿದ್ದಾರೆ. ಹೈದರಾಬಾದಿನಲ್ಲಿ ಕಾಯುವಿಕೆ ಕಾಯಿಲೆಗೆ ಹೆಸರು ಸಿಗುವ ಮೊದಲೇ ಶುರುವಾಗುತ್ತದೆ: ಮುಟ್ಟು ನಿಂತರೆ ಸ್ತ್ರೀರೋಗ ತಜ್ಞರು, ಹೊಟ್ಟೆ ತೊಳಸಿದರೆ ಜಠರದ ವೈದ್ಯರು, ನಿತ್ರಾಣಕ್ಕೆ ಟಾನಿಕ್ಕು. ಎರ್ರಗಡ್ಡದ ಸರ್ಕಾರಿ ಮಾನಸಿಕ ಆಸ್ಪತ್ರೆಯ ಹೆಸರೇ ಊರಿನ ಆಡುಮಾತಿನಲ್ಲಿ ಹುಚ್ಚಿನ ಬೈಗುಳವಾಗಿರುವಾಗ, ಮಗಳು ಊಟ ಬಿಟ್ಟಳೆಂದು ಅಲ್ಲಿಗೆ ಕರೆದೊಯ್ಯುವ ತಂದೆತಾಯಿ ವಿರಳ. ಕಾಯಿಲೆಯೇ ಅಪರೂಪವೆಂದು ಸಮಾಧಾನಪಡುವಂತೆಯೂ ಇಲ್ಲ. ನಿಮ್ಹಾನ್ಸ್‌ನ ಪ್ರಭಾ ಚಂದ್ರ ಮತ್ತು ಸಂಗಡಿಗರು ಬೆಂಗಳೂರಿನ ಮನೋವೈದ್ಯರಲ್ಲಿ ನಡೆಸಿ 2012ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಉತ್ತರಿಸಿದವರ ಪೈಕಿ ಸುಮಾರು ಮೂರನೇ ಎರಡರಷ್ಟು ಜನ ಇಂಥ ಒಬ್ಬ ರೋಗಿಯನ್ನಾದರೂ ಕಂಡಿದ್ದರು.

ಹೈದರಾಬಾದಿಗೆ ಇನ್ನೊಂದು ವಿಶೇಷವುಂಟು. 1918ರಲ್ಲಿ ಕೂನೂರಿನಲ್ಲಿ ಬೆರಿಬೆರಿ ಸಂಶೋಧನೆಯಾಗಿ ಆರಂಭಗೊಂಡು 1958ರಲ್ಲಿ ಈ ನಗರಕ್ಕೆ ಬಂದ ರಾಷ್ಟ್ರೀಯ ಪೋಷಣಾ ಸಂಸ್ಥೆ ತಾರ್ನಾಕಾದಲ್ಲಿದೆ. ಭಾರತೀಯ ಆಹಾರಗಳ ಸತ್ವಾಂಶವನ್ನು ಅಳೆದು ಕೋಷ್ಟಕ ಮಾಡಿಕೊಟ್ಟ ಅದರ ಋಣ ದೊಡ್ಡದು. ಆ ಸಂಸ್ಥೆಯೇ ಹೊರತಂದ ನ್ಯೂಟ್ರಿಫೈ ಇಂಡಿಯಾ ನೌ ಎಂಬ ಆ್ಯಪ್ ತಿಂದ ಕ್ಯಾಲೊರಿಯನ್ನೂ ದುಡಿದು ಕಳೆದ ಕ್ಯಾಲೊರಿಯನ್ನೂ ಲೆಕ್ಕ ಹಾಕಿ ತೋರಿಸುತ್ತದೆ. ಬೊಜ್ಜು, ಸಕ್ಕರೆಕಾಯಿಲೆಗಳ ಕಾಲದಲ್ಲಿ ಈ ಲೆಕ್ಕ ಅನೇಕರಿಗೆ ಉಪಯುಕ್ತ. ಅನೊರೆಕ್ಸಿಯಾದಲ್ಲಿ ಅದೇ ಲೆಕ್ಕ ಕಾಯಿಲೆಯ ಕೈಗೆ ಸಿಕ್ಕ ಅಳತೆಗೋಲಾಗುತ್ತದೆ. ಅಮೆರಿಕದಲ್ಲಿ 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಮೈಫಿಟ್‌ನೆಸ್‌ಪಾಲ್ ಎಂಬ ಕ್ಯಾಲೊರಿ ಆ್ಯಪ್ ಬಳಸಿದ್ದ ರೋಗಿಗಳಲ್ಲಿ ಬಹುಪಾಲು ಜನ ಅದು ತಮ್ಮ ಕಾಯಿಲೆಗೆ ಪೂರಕವಾಯಿತೆಂದೇ ಭಾವಿಸಿದ್ದರು. ಕಾಯುವವರ ಆ್ಯಪ್‌ನಲ್ಲಿ ಅಂಕಿಗಳು ಇರಕೂಡದು, ಪೋಷಣೆಯ ಆ್ಯಪ್‌ನಲ್ಲಿ ಅಂಕಿಗಳನ್ನು ಮರೆಮಾಡುವ ಆಯ್ಕೆ ಇರಬೇಕು. ಎರಡೂ ತಾಂತ್ರಿಕವಾಗಿ ಸುಲಭ.

ಪಶ್ಚಿಮದ ಆ್ಯಪ್‌ಗಳ ಇನ್ನೊಂದು ಕೊರತೆ ಮನೆಯೊಳಗೆ ಕಾಣುತ್ತದೆ. ತನ್ನ ತಟ್ಟೆಗೆ ತಾನೇ ಬಡಿಸಿಕೊಳ್ಳುವ ಒಬ್ಬಂಟಿ ವ್ಯಕ್ತಿಯನ್ನು ಅವು ಕಲ್ಪಿಸಿಕೊಂಡಿವೆ. ಇಲ್ಲಿ ಬಡಿಸುವವರು ಅಮ್ಮ ಅಥವಾ ಅಜ್ಜಿ, 'ಇನ್ನೊಂದು ತುತ್ತು' ಎಂಬ ಒತ್ತಾಯ ಅವರ ಪ್ರೀತಿಯ ಭಾಷೆ. ಏಕಾದಶಿ, ಸೋಮವಾರದ ಒಪ್ಪೊತ್ತು, ರಂಜಾನಿನ ಉಪವಾಸಗಳು ಗೌರವದ ಆಚರಣೆಗಳಾಗಿರುವುದರಿಂದಲೇ ಕಾಯಿಲೆಗೆ ಒಳ್ಳೆಯ ಮರೆಯೂ ಆಗಬಲ್ಲವು. ತಪ್ಪಿದ ಊಟವೆಂದಷ್ಟೇ ಗುರುತು ಹಾಕುವ ಆ್ಯಪ್‌ಗೆ ವ್ರತಕ್ಕೂ ರೋಗಕ್ಕೂ ಇರುವ ಭೇದ ತಿಳಿಯದು. ಹದಿಹರೆಯದವರ ಅನೊರೆಕ್ಸಿಯಾಕ್ಕೆ ತಂದೆತಾಯಿಯೇ ಊಟದ ಹೊಣೆ ಹೊರುವ ಕುಟುಂಬಾಧಾರಿತ ಚಿಕಿತ್ಸೆ ಜಗತ್ತಿನಲ್ಲೆಲ್ಲ ಮನ್ನಣೆ ಪಡೆದಿರುವಾಗ, ಹೈದರಾಬಾದಿನ ಕಾಚಿಗುಡದ ಕನ್ನಡದ ಮನೆಯ ತಾಯಿಗೆ ಏನು ಹೇಳಬೇಕು, ಏನು ಹೇಳಬಾರದು ಎಂಬುದನ್ನು ಅವಳ ಮಾತಿನಲ್ಲೇ ತಿಳಿಸುವ ಪುಟವೇ ರೋಗಿಯ ದಿನಚರಿಗಿಂತ ಹೆಚ್ಚು ಬೆಲೆಯುಳ್ಳದ್ದು.

ಯಂತ್ರದ ಸಂಭಾಷಣೆಯಿಂದ ಚಿಕಿತ್ಸಕರ ಕೊರತೆ ನೀಗುವುದೆಂಬ ಭರವಸೆಗೆ 2023ರಲ್ಲಿ ಪೆಟ್ಟು ಬಿದ್ದಿತು: ಈ ಕಾಯಿಲೆಗಳಿರುವವರಿಗೆ ನೆರವಾಗುವ ಅಮೆರಿಕದ ನೀಡಾ ಸಂಸ್ಥೆಯ ಟೆಸ್ಸಾ ಎಂಬ ಚಾಟ್‌ಬಾಟ್ ಸಹಾಯ ಬೇಡಿ ಬಂದವರಿಗೇ ಕ್ಯಾಲೊರಿ ಇಳಿಸುವ ಸಲಹೆ ಕೊಟ್ಟಿದ್ದು ಬಯಲಾಗಿ ಅದನ್ನು ಹಿಂತೆಗೆಯಬೇಕಾಯಿತು. ಭಾರತದಲ್ಲಿ 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ಸಂಖ್ಯೆಯಲ್ಲಿ ಮನುಷ್ಯರೇ, ಹಲವು ಭಾರತೀಯ ಭಾಷೆಗಳಲ್ಲಿ ಮಾತಾಡುತ್ತಾರೆ. ಆದ್ದರಿಂದ ಇಲ್ಲಿಗೆ ಬೇಕಾದ ಆ್ಯಪ್ ಅಂಥ ಒಂದು ದನಿಗೆ ರೋಗಿಯನ್ನು ಮುಟ್ಟಿಸುವಂಥದ್ದು, ಸ್ವತಃ ಚಿಕಿತ್ಸಕನ ವೇಷ ತೊಡದಂಥದ್ದು. ತಲೆಸುತ್ತಿ ಬೀಳುವುದು, ವಾರವಾರಕ್ಕೂ ತೂಕ ಇಳಿಯುವುದು, ಪದೇಪದೇ ವಾಂತಿಯಿಂದ ರಕ್ತದ ಪೊಟ್ಯಾಸಿಯಂ ಕುಸಿದು ಹೃದಯದ ಬಡಿತ ಏರುಪೇರಾಗುವುದು, ಇವುಗಳಲ್ಲಿ ಯಾವುದರ ಸುಳಿವು ದಾಖಲೆಯಲ್ಲಿ ಕಂಡರೂ ಆ್ಯಪ್ ಸಾಂತ್ವನದ ಮಾತನ್ನು ನಿಲ್ಲಿಸಿ, ಅದೇ ದಿನ ರಕ್ತಪರೀಕ್ಷೆ ಮತ್ತು ಇಸಿಜಿಗೆ ಆಸ್ಪತ್ರೆಗೆ ಹೋಗಬೇಕೆಂದು ರೋಗಿಗೂ ಮನೆಯವರಿಗೂ ಸ್ಪಷ್ಟವಾಗಿ ಹೇಳಬೇಕು.