ಪಾಳು ಮಠ, ಬೋಳು ಮರ

ಬಳ್ಳಾರಿಯ ಹಳೆ ಪುಸ್ತಕದಂಗಡಿಯಲ್ಲಿ ಕೊಂಡ ಕಲಾಸಂಪುಟವೊಂದರಲ್ಲಿ ಜರ್ಮನ್ ಕಲಾವಿದ ಕ್ಯಾಸ್ಪರ್ ಡೇವಿಡ್ ಫ್ರೆಡ್ರಿಕ್ (1774–1840) 1809–10ರಲ್ಲಿ ಬರೆದ ‘ಓಕ್ ಕಾಡಿನ ಮಠ’ ಎಂಬ ಚಿತ್ರವಿದೆ. ರಾಯದುರ್ಗದ ಬ್ಯಾಂಕೊಂದರಲ್ಲಿ ಗುಮಾಸ್ತನಾದ ನಾನು ಕಲಾಪಂಡಿತನಲ್ಲ. ಆದರೂ ಗಡಿನಾಡ ಕನ್ನಡಿಗನಾಗಿ ಈ ಚಿತ್ರದೊಡನೆ ನನಗೊಂದು ಜಗಳವಿದೆ.

ಚಿತ್ರದ ಕೆಳಭಾಗವೆಲ್ಲ ಕತ್ತಲು. ಹಿಮ ಬಿದ್ದ ಸ್ಮಶಾನ, ಓರೆಯಾದ ಶಿಲುಬೆಗಳು, ತೋಡಿಟ್ಟ ಗುಂಡಿ. ಸನ್ಯಾಸಿಗಳ ಸಾಲೊಂದು ಶವಪೆಟ್ಟಿಗೆ ಹೊತ್ತು ಪಾಳು ಮಠದ ಬಾಗಿಲತ್ತ ಸಾಗಿದೆ. ಮಠದ್ದೆಂದು ಉಳಿದಿರುವುದು ಒಂದು ಗೋಡೆ, ಅದರಲ್ಲೊಂದು ಎತ್ತರದ ಬರಿಗಿಟಕಿ. ಸುತ್ತ ಬೋಳಾದ ಓಕ್ ಮರಗಳು. ಮೇಲೆ ಆಕಾಶದಲ್ಲಿ ಮಾತ್ರ ಮಂದ ಬೆಳಕು. ಫ್ರೆಡ್ರಿಕ್ ಒಂದೊಂದು ಮರವನ್ನೂ ಎದುರಿಗೆ ಕೂತು ಪೆನ್ಸಿಲಿನಲ್ಲಿ ಅಭ್ಯಾಸ ಮಾಡಿದವನು. ಹೀಗಾಗಿ ಕೊಂಬೆಯ ತಿರುವು ಮುರುವುಗಳೆಲ್ಲ ಕಣ್ಣಾರೆ ಕಂಡವೇ. ಮನುಷ್ಯ ಕಟ್ಟಿದ್ದು ಅಳಿಯುತ್ತದೆ, ಪ್ರಕೃತಿ ಉಳಿಯುತ್ತದೆ ಎಂಬ ಸಮಾಧಾನ ನೋಡುವವನಿಗೆ ಸಿಗುತ್ತದೆ.

ಜಗಳ ಇರುವುದು ಈ ಸಮಾಧಾನದ ಜೊತೆ. ಆ ಗೋಡೆಗೆ ಮಾದರಿ ಅವನ ಹುಟ್ಟೂರು ಗ್ರೈಫ್ಸ್‌ವಾಲ್ಡ್ ಬಳಿಯ ಎಲ್ಡೆನಾ ಮಠ. 17ನೆಯ ಶತಮಾನದಲ್ಲಿ ಅದರ ಇಟ್ಟಿಗೆಗಳನ್ನು ಊರಿನ ಕೋಟೆ ಕಟ್ಟಲು ಕಿತ್ತೊಯ್ದರು. ಕಿತ್ತ ಕೈಗಳು ಚಿತ್ರದಲ್ಲಿಲ್ಲ. ಎಲ್ಲವೂ ಹಿಮದ, ಕಾಲದ ಕೆಲಸವೆನ್ನುವಂತಿದೆ. ನಮ್ಮ ಮಡಕಶಿರಾ ಸೀಮೆಯ ಹೇಮಾವತಿ ಒಂದು ಕಾಲಕ್ಕೆ ನೊಳಂಬರ ರಾಜಧಾನಿ ಹೆಂಜೇರು. ಅಲ್ಲಿಯ ಕಂಬಗಳನ್ನು ಚೋಳರು ತಿರುವೈಯಾರಿಗೆ ಸಾಗಿಸಿದರು. ಅಳಿದುಳಿದದ್ದನ್ನು ನೋಡಿ ‘ಎಲ್ಲಾ ಕಾಲನ ಮಹಿಮೆ’ ಎಂದರೆ ಅರ್ಧ ಸತ್ಯವಷ್ಟೇ.

ನುಡಿಯ ಮಾತೂ ಹಾಗೆಯೇ. 1953ರಲ್ಲಿ ರಾಯದುರ್ಗ ಬಳ್ಳಾರಿ ಜಿಲ್ಲೆ ಬಿಟ್ಟು ಆಂಧ್ರಕ್ಕೆ ಸೇರಿತು. 1956ರಲ್ಲಿ ಕಾಸರಗೋಡು ಕೇರಳಕ್ಕೆ. ಗಡಿಯಲ್ಲಿ ಕನ್ನಡ ತಾನಾಗಿ ಸೊರಗಿತು ಎಂದು ನಾನೂ ಎಷ್ಟೋ ಸಭೆಗಳಲ್ಲಿ ನಿಟ್ಟುಸಿರಿಟ್ಟಿದ್ದೇನೆ. ಆದರೆ ನನ್ನ ಮಗಳಿಗೆ ಕನ್ನಡ ಅಕ್ಷರ ಕಲಿಸದೆ ಬಿಟ್ಟದ್ದು ಕಾಲವಲ್ಲ, ನಾನು. ತೆಲುಗು, ಇಂಗ್ಲಿಷು ಇದ್ದರೆ ಸಾಕು ಎಂದುಕೊಂಡೆ.

ಹಾಗೆಂದು ಚಿತ್ರ ಸಣ್ಣದಾಗುವುದಿಲ್ಲ. ಫ್ರೆಡ್ರಿಕ್ ಹುಟ್ಟಿದಾಗ ಜರ್ಮನ್ ಮಾತಿನ ಆ ಊರು ಸ್ವೀಡನ್ ಅರಸರ ಕೈಕೆಳಗಿತ್ತು. ಅವನೂ ಒಂದು ಬಗೆಯಲ್ಲಿ ಗಡಿನಾಡಿನವನೇ. ಅವನ ಮರಗಳನ್ನು ಮತ್ತೆ ನೋಡಿದೆ. ಓಕ್ ಚಳಿಗಾಲದಲ್ಲಿ ಎಲೆ ಉದುರಿಸುವ ಮರ. ಬೋಳಾಗಿದೆ, ಸತ್ತಿಲ್ಲ. ಗೋಡೆಗೆ ಈ ಭಾಗ್ಯವಿಲ್ಲ. ನಮ್ಮ ನುಡಿ ಗೋಡೆಯೋ ಮರವೋ ಎಂಬುದನ್ನು ನಾವು ನಮ್ಮ ಮನೆಗಳಲ್ಲೇ ತೀರ್ಮಾನಿಸಬೇಕು.

ಈ ಬರಹವನ್ನು ಮಗಳಿಗೆ ನಾನೇ ಓದಿ ಹೇಳಬೇಕಾಯಿತು. ಕೇಳಿ ಅರ್ಥಮಾಡಿಕೊಂಡಳು, ಓದಲು ಬಾರದು. ಹೋದ ಭಾನುವಾರದಿಂದ ಅ, ಆ ಶುರು ಮಾಡಿದ್ದೇವೆ.